ಬೇಸಿಗೆಯ ಶುರುವಿನಲ್ಲಿ ಹಸುಗೂಸು ಮತ್ತು ಪುಟ್ಟ ಅಕ್ಕಂದಿರು: ದಿನ ಸಾಗಿಸುವ ಸಮಗ್ರ ಮಾರ್ಗದರ್ಶಿ

ದಿನ ಹಳಿ ತಪ್ಪುವುದು ಬಹುತೇಕ ಒಂದೇ ಜಾಗದಲ್ಲಿ. ಅಮ್ಮ ಹಾಲೂಡಿಸಲು ಕೂತ ಕೂಡಲೇ ಎರಡು ವರ್ಷದವಳಿಗೆ ಸೂಸು ಬರುತ್ತದೆ. ಐದು ವರ್ಷದವಳಿಗೆ ಬಾಯಾರಿಕೆ. ಕೂಸನ್ನು ಎದೆಯಿಂದ ಬಿಡಿಸಿ ಎದ್ದರೆ ಅದು ಅಳುತ್ತದೆ, ಏಳದಿದ್ದರೆ ಇವರಿಬ್ಬರೂ ಅಳುತ್ತಾರೆ. ಸೆಕೆಗೆ ಎಲ್ಲರ ತಾಳ್ಮೆಯೂ ಅರ್ಧಕ್ಕಿಳಿದಿರುತ್ತದೆ. ಬೆಳಿಗ್ಗೆ ಶುರುವಾದ ಗಲಾಟೆ ಸಂಜೆವರೆಗೂ ಎಳೆದುಕೊಂಡು ಹೋಗುತ್ತದೆ.

ಕೆಲಸ ಜಾಸ್ತಿ ಇದೆ, ನಿಜ. ಆದರೆ ಹೆಚ್ಚಿನ ಮನೆಗಳಲ್ಲಿ ಎಡವುವುದು ಕೆಲಸದ ಕ್ರಮದಲ್ಲಿ. ಕೂಸಿನ ಟೈಮ್‌ಟೇಬಲ್ ಹಿಡಿದು ದಿನ ಕಟ್ಟಲು ಹೋಗುತ್ತಾರೆ. ಮೊದಲ ವಾರಗಳಲ್ಲಿ ಕೂಸಿಗೆ ಅಂಥ ಟೈಮ್‌ಟೇಬಲ್ಲೇ ಇರುವುದಿಲ್ಲ. 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕೇಳುತ್ತದೆ, ಯಾವಾಗ ಕೇಳುತ್ತದೆ ಅನ್ನುವುದು ಅದರಿಷ್ಟ. ದಿನವನ್ನು ಬಿಸಿಲಿಗೆ ಮತ್ತು ಹುಡುಗಿಯರ ಊಟ-ನಿದ್ದೆಗೆ ಹೊಂದಿಸಿ. ಕೂಸು ನಡುವೆ ತನಗೆ ಬೇಕಾದಾಗ ಕುಡಿಯಲಿ, ಮಲಗಲಿ. ಕೆಳಗಿನ ಹಂತಗಳೆಲ್ಲ ನಿಂತಿರುವುದು ಇದರ ಮೇಲೆಯೇ.

ಇಲ್ಲಿ ಬರೆದಿರುವುದು ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಕೂಸಿನ ಬಗ್ಗೆ. ಅವಧಿಗೆ ಮೊದಲೇ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಕೂಸಾದರೆ ಡಾಕ್ಟರ್ ಹೇಳಿದ್ದೇ ಅಂತಿಮ.

## ಮೊದಲು ಕೈಗೆ ಸಿಗುವಂತೆ ಇಡಬೇಕಾದವು

- ಡಿಜಿಟಲ್ ಥರ್ಮಾಮೀಟರ್. ಹಣೆ ಮುಟ್ಟಿ ನೋಡಿ ಜ್ವರ ಲೆಕ್ಕ ಹಾಕುವುದು ಸೆಕೆಗಾಲದಲ್ಲಿ ನಂಬಿಕೆಗೆ ಬರುವುದಿಲ್ಲ.
- ಹುಡುಗಿಯರಿಗೆ ಒಂದೊಂದು ಮುಚ್ಚಳದ ನೀರಿನ ಬಾಟಲ್, ಬೇರೆ ಬೇರೆ ಬಣ್ಣದ್ದು. ಒಂದೇ ಬಣ್ಣದ್ದಾದರೆ ಜಗಳ ಗ್ಯಾರಂಟಿ.
- ಹಾಲೂಡಿಸುವ ಜಾಗದ ಪಕ್ಕಕ್ಕೆ ಒಂದು ಬುಟ್ಟಿ.
- ತೆಳು ಹತ್ತಿ ಬಟ್ಟೆಗಳು, ಅಗಲ ಅಂಚಿನ ಟೋಪಿಗಳು, ಸೊಳ್ಳೆ ಪರದೆ.
- ಒಂದು ಪುಟ್ಟ ನೋಟ್‌ಬುಕ್, ದಾರ ಕಟ್ಟಿದ ಪೆನ್ಸಿಲ್. ಒದ್ದೆಯಾದ ಡಯಾಪರ್ ಎಷ್ಟು ಅಂತ ಗೀಟು ಹಾಕುವುದಕ್ಕೆ. ಅರ್ಧ ನಿದ್ದೆಯಲ್ಲಿ ಲೆಕ್ಕ ನೆನಪಿರುವುದಿಲ್ಲ.

ಬೇಡದವೂ ಇವೆ. ಕೂಸಿಗೆ ತಲೆದಿಂಬು ಬೇಡ. ಪೌಡರ್ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಬೆವರಿನ ಜೊತೆ ಸೇರಿ ಚರ್ಮದ ಮಡಿಕೆಗಳಲ್ಲಿ ಗಂಟು ಕಟ್ಟುತ್ತದೆ. ಆರು ತಿಂಗಳಾಗದ ಮಗುವಿಗೆ ಸನ್‌ಸ್ಕ್ರೀನ್ ಬಳಿಯುವ ಬದಲು ನೆರಳಿನಲ್ಲಿ ಇಡಬೇಕು.

## ಹಂತ 1: ಹಿಂದಿನ ರಾತ್ರಿಯೇ ಬೆಳಗನ್ನು ಮುಗಿಸಿಡಿ

ಹುಡುಗಿಯರು ಮಲಗಿದ ಮೇಲೆ ಹದಿನೈದು ನಿಮಿಷ ಸಾಕು. ಇಬ್ಬರ ಬಟ್ಟೆ ತೆಗೆದಿಡಿ. ಬಾಟಲ್ ತುಂಬಿಡಿ. ಬುಟ್ಟಿಯಲ್ಲಿ ಡಯಾಪರ್, ಒರೆಸುವ ಬಟ್ಟೆ, ನಿಮ್ಮ ನೀರು, ಹುಡುಗಿಯರಿಗೆ ಒಣ ತಿಂಡಿ, ಎರಡು ಪುಸ್ತಕ ಇರಲಿ.

ಕೂದಲಿನ ಕ್ಲಿಪ್, ರಬ್ಬರ್ ಬ್ಯಾಂಡ್, ಮಣಿ, ಬಟನ್ ಬ್ಯಾಟರಿ ಇರುವ ಆಟಿಕೆ ಇವೆಲ್ಲ ಒಂದು ಡಬ್ಬಿಗೆ ಹೋಗಿ ಎತ್ತರದ ಶೆಲ್ಫ್ ಸೇರಬೇಕು. ಎರಡು ವರ್ಷದ ಅಕ್ಕ ಪ್ರೀತಿಯಿಂದಲೇ ತನ್ನ ಮಣಿಯನ್ನು ಕೂಸಿನ ಬಾಯಿಗೆ ಇಟ್ಟಾಳು.

ಬೇಸಿಗೆಯಲ್ಲಿ ಕಿಟಕಿಗಳೆಲ್ಲ ತೆರೆದಿರುತ್ತವೆ, ಅಲ್ವಾ? ಕಿಟಕಿ ಪಕ್ಕ ಮಂಚ, ಕುರ್ಚಿ, ಸ್ಟೂಲ್ ಇದ್ದರೆ ಈಗಲೇ ಸರಿಸಿ. ಸೊಳ್ಳೆ ಬರದಂತೆ ಹಾಕಿದ ಜಾಲರಿ ಮಗುವಿನ ಭಾರ ತಡೆಯುವುದಿಲ್ಲ.

## ಹಂತ 2: ತಂಪು ಹೊತ್ತು ಹುಡುಗಿಯರದ್ದು

ಬೆಳಗಿನ ಮೊದಲ ಎರಡು ಗಂಟೆಯನ್ನು ಮನೆಕೆಲಸಕ್ಕೆ ಕೊಡುವುದು ದೊಡ್ಡ ತಪ್ಪು. ಪಾತ್ರೆ, ಬಟ್ಟೆ ಮಧ್ಯಾಹ್ನವೂ ಅಲ್ಲೇ ಇರುತ್ತವೆ. ಹುಡುಗಿಯರು ಓಡಿ ಕುಣಿದು ದಣಿಯುವುದಕ್ಕೆ ಸರಿಯಾದ ಹೊತ್ತು ಮಾತ್ರ ಇದೊಂದೇ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲು ಅತಿ ಚುರುಕು. ಬೆಳಿಗ್ಗೆ ದಣಿಯದ ಮಗು ಮಧ್ಯಾಹ್ನ ಮಲಗುವುದಿಲ್ಲ. ಅವರು ಮಲಗದಿದ್ದರೆ ನಿಮಗೂ ನಿದ್ದೆ ಇಲ್ಲ.

ಕ್ರಮ ಹೀಗಿರಲಿ. ಮೊದಲು ಹುಡುಗಿಯರಿಗೆ ಟಾಯ್ಲೆಟ್, ಆಮೇಲೆ ತಿಂಡಿ, ಆಮೇಲೆ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು, ಹೊರಡುವ 15ರಿಂದ 30 ನಿಮಿಷ ಮೊದಲು. ಎರಡು ಗಂಟೆಗೊಮ್ಮೆ, ನೀರಲ್ಲಿ ಆಡಿದರೆ ಆ ಕೂಡಲೇ, ಮತ್ತೆ ಹಚ್ಚಬೇಕು. ಕೂಸಿಗೆ ಹಾಲು ಮತ್ತು ಡಯಾಪರ್ ಎಲ್ಲಕ್ಕಿಂತ ಕೊನೆಗೆ, ಬಾಗಿಲು ದಾಟುವ ಮುಂಚೆ. ಇದನ್ನು ತಿರುವುಮುರುವು ಮಾಡಿದರೆ ಹುಡುಗಿಯರ ಚಪ್ಪಲಿ ಹುಡುಕುವಷ್ಟರಲ್ಲಿ ಕೂಸಿಗೆ ಮತ್ತೆ ಹಸಿವಾಗಿರುತ್ತದೆ.

ಆಟದ ಹೊತ್ತಿನಲ್ಲಿ 20 ನಿಮಿಷಕ್ಕೊಮ್ಮೆ ಹುಡುಗಿಯರನ್ನು ಕರೆದು ನೀರು ಕುಡಿಸಿ. "ಬಾಯಾರಿದೆಯಾ?" ಅಂತ ಕೇಳಬೇಡಿ. ಇಲ್ಲ ಅಂತಲೇ ಹೇಳುತ್ತಾರೆ. ಸುಮ್ನೆ ಬಾಟಲ್ ಕೈಗೆ ಕೊಡಿ. ಜಾರುಬಂಡೆಯನ್ನು ಮೊದಲು ನಿಮ್ಮ ಅಂಗೈಯಿಂದ ಮುಟ್ಟಿ ನೋಡಿ. ಲೋಹ ಮಾತ್ರವಲ್ಲ, ಬಿಸಿಲಲ್ಲಿ ಕಾದ ಪ್ಲಾಸ್ಟಿಕ್ ಕೂಡ ತೊಡೆ ಸುಡುತ್ತದೆ.

ಕೂಸಿನ ತಳ್ಳುಗಾಡಿ ನೆರಳಿನಲ್ಲಿರಲಿ. ಬಿಸಿಲು ಬೀಳದಿರಲಿ ಅಂತ ಗಾಡಿಯ ಮೇಲೆ ಬಟ್ಟೆ ಹೊದಿಸುವುದು ಎಲ್ಲೆಲ್ಲೂ ಕಾಣುವ ತಪ್ಪು. ತೆಳು ಬಟ್ಟೆ ಹಾಕಿದರೂ ಒಳಗೆ ಗಾಳಿ ನಿಂತು ಶಾಖ ಬೇಗ ಏರುತ್ತದೆ, ಮಗುವಿನ ಮುಖವೂ ನಿಮಗೆ ಕಾಣುವುದಿಲ್ಲ. ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಬಳಸಿದರೆ ಕೂಸಿನ ಮುಖ ಕಾಣುತ್ತಿರಬೇಕು, ಗಲ್ಲ ಅದರ ಎದೆಗೆ ಒತ್ತಿರಬಾರದು. ಇಬ್ಬರ ಮೈಶಾಖವೂ ಸೇರುವುದರಿಂದ ಒಂದು ತೆಳು ಅಂಗಿ ಸಾಕು.

ಕಾರಿನಲ್ಲಿ ಹೋಗುವವರಿಗೆ ಒಂದು ಮಾತು. ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಶಾಖ ಏರಬಲ್ಲದು. ಗಾಜು ಸ್ವಲ್ಪ ಇಳಿಸಿಟ್ಟರೂ ಅಷ್ಟೇನೂ ವ್ಯತ್ಯಾಸವಾಗುವುದಿಲ್ಲ. ನಿದ್ದೆಗೆಟ್ಟ ತಲೆ ಮರೆಯುತ್ತದೆ. ಹಾಗಾಗಿ ಬ್ಯಾಗ್, ಫೋನ್ ಹಿಂದಿನ ಸೀಟಿನಲ್ಲೇ ಇಡಿ, ತೆಗೆಯಲು ಹೋದಾಗ ಹಿಂದೆ ನೋಡಲೇಬೇಕಾಗುತ್ತದೆ.

## ಹಂತ 3: ಹಾಲೂಡಿಸಲು ಕೂರುವ ಮೊದಲಿನ ಐದು ನಿಮಿಷ

ಇಡೀ ದಿನದ ಕೀಲಿ ಇಲ್ಲಿದೆ. ಕೂಸು ಅಳುವವರೆಗೆ ಕಾದರೆ ನಿಮಗೆ ಈ ಐದು ನಿಮಿಷ ಸಿಗುವುದಿಲ್ಲ. ಅಳು ಹಸಿವಿನ ಕೊನೆಯ ಸೂಚನೆ. ಅದಕ್ಕೂ ಮೊದಲು ಕೂಸು ತಲೆ ಅತ್ತಿತ್ತ ತಿರುಗಿಸುತ್ತದೆ, ಬಾಯಿ ತೆರೆದು ಹುಡುಕುತ್ತದೆ, ಮುಷ್ಟಿ ಚೀಪುತ್ತದೆ. ಆ ಸೂಚನೆ ಕಂಡ ಕೂಡಲೇ ಹುಡುಗಿಯರ ಕಡೆ ತಿರುಗಿ.

1. ಇಬ್ಬರನ್ನೂ ಟಾಯ್ಲೆಟ್‌ಗೆ ಕಳುಹಿಸಿ. ಬರುವುದಿಲ್ಲ ಅಂದರೂ ಕಳುಹಿಸಿ.
2. ನೀರು, ಸ್ವಲ್ಪ ತಿಂಡಿ ಅವರ ಮುಂದಿಡಿ. ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದು ಬೇಡ, ನೀವು ಥಟ್ಟನೆ ಏಳಲಾಗುವುದಿಲ್ಲ.
3. ಬಕೆಟ್, ಟಬ್ಬಿನಲ್ಲಿ ನೀರಿದ್ದರೆ ಚೆಲ್ಲಿ. ಬಾತ್‌ರೂಮ್, ಅಡುಗೆಮನೆ, ಹೊರಬಾಗಿಲು ಹಾಕಿ.
4. ಹುಡುಗಿಯರು ನಿಮ್ಮ ಕಣ್ಣಿಗೆ ಕಾಣುವ ಕೋಣೆಯಲ್ಲೇ ಕೂರಲಿ.
5. ನಿಮ್ಮ ನೀರಿನ ಲೋಟ ತುಂಬಿಕೊಂಡು ಕೂರಿ.

ಹಾಲೂಡಿಸುವಾಗಿನ ಆಟಿಕೆಗಳ ಪೆಟ್ಟಿಗೆ ಬೇರೆಯೇ ಇರಬೇಕು. ಅದು ಕೂಸು ಕುಡಿಯುವಾಗ ಮಾತ್ರ ತೆರೆಯುತ್ತದೆ, ಮುಗಿದ ಕೂಡಲೇ ಮುಚ್ಚುತ್ತದೆ. ಇಡೀ ದಿನ ಸಿಗುವ ಆಟಿಕೆಗೆ ಬೆಲೆ ಇಲ್ಲ. ಒಳಗಿರುವುದು ಅಗ್ಗದ್ದಾದರೂ ಸರಿ, ವಾರಕ್ಕೊಮ್ಮೆ ಒಂದೆರಡು ಬದಲಾದರೆ ಸಾಕು. ನಿಮ್ಮ ಒಂದು ಪಕ್ಕ ಖಾಲಿ ಬಿಡಿ. ಚಿಕ್ಕವಳು ಅಲ್ಲಿ ಬಂದು ಒರಗಿಕೊಂಡರೆ ಪುಸ್ತಕ ಓದಿ ಹೇಳಬಹುದು. ದೊಡ್ಡವಳಿಗೆ ಪುಟ ತಿರುಗಿಸುವ ಕೆಲಸ ಕೊಡಿ. ಟಿವಿ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ, ಆದರೆ ದಿನಕ್ಕೆ ಹತ್ತು ಸಲ ಹಾಲೂಡಿಸುವವರು ಹತ್ತು ಸಲವೂ ಹಾಕಿದರೆ ಆರಿಸುವಾಗಿನ ರಂಪ ಇನ್ನೊಂದು ಕೆಲಸವಾಗುತ್ತದೆ. ಅದನ್ನು ಸಂಜೆಯ ಕಷ್ಟದ ಹೊತ್ತಿಗೆ ಉಳಿಸಿಕೊಳ್ಳಿ.

ಈಗ ನೀರಿನ ವಿಷಯ. ಸೆಕೆ ಅಂತ ಕೂಸಿಗೆ ನೀರು ಕುಡಿಸಬೇಡಿ. ಆರು ತಿಂಗಳವರೆಗೆ ಎಂಥ ಬಿಸಿಲಿನಲ್ಲೂ ಎದೆಹಾಲು ಒಂದೇ ಸಾಕು, ಅದರಲ್ಲಿ ಬೇಕಾದಷ್ಟು ನೀರಿದೆ. ನೀರು ಕುಡಿಸಿದರೆ ಪುಟ್ಟ ಹೊಟ್ಟೆ ತುಂಬಿ ಹಾಲು ಕಡಿಮೆಯಾಗುತ್ತದೆ, ಜಾಸ್ತಿಯಾದರೆ ರಕ್ತದಲ್ಲಿನ ಸೋಡಿಯಂ ಕುಸಿದು ಫಿಟ್ಸ್ ಕೂಡ ಬರಬಹುದು. ಸೆಕೆಯಲ್ಲಿ ಕೂಸು ಪದೇ ಪದೇ, ಸ್ವಲ್ಪ ಸ್ವಲ್ಪ ಹೊತ್ತು ಕುಡಿಯುತ್ತದೆ. "ಹಾಲು ಸಾಲುತ್ತಿಲ್ಲ" ಅನ್ನುವ ತೀರ್ಮಾನಕ್ಕೆ ಬರಬೇಡಿ, ನೋಟ್‌ಬುಕ್ ನೋಡಿ. ಹುಟ್ಟಿದ ಐದನೇ ದಿನದಿಂದ ದಿನಕ್ಕೆ ಕನಿಷ್ಠ 6 ಡಯಾಪರ್ ಚೆನ್ನಾಗಿ ಒದ್ದೆಯಾಗುತ್ತಿದ್ದರೆ, ತೂಕ ಏರುತ್ತಿದ್ದರೆ, ಹಾಲು ಸಾಲುತ್ತಿದೆ ಎಂದರ್ಥ. ನೀರು ಬೇಕಿರುವುದು ಅಮ್ಮನಿಗೆ.

ಹಿಂಡಿದ ಎದೆಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ. ಸೆಕೆ ಅದಕ್ಕಿಂತ ಜಾಸ್ತಿ ಇದ್ದರೆ ಕೂಡಲೇ ಫ್ರಿಜ್‌ಗೆ ಇಡಿ, ಅಲ್ಲಿ 4 ದಿನದವರೆಗೆ ಸರಿ. ಫಾರ್ಮುಲಾ ಕೊಡುವವರು ಆಯಾ ಸಲಕ್ಕೆ ಬೇಕಾದಷ್ಟೇ ಕಲಸಿ. ಕುಡಿಯಲು ಶುರುಮಾಡಿದ ಒಂದು ಗಂಟೆಯೊಳಗೆ ಮುಗಿಯದ್ದನ್ನು ಚೆಲ್ಲಿ. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚು ನೀರು ಬೆರೆಸಲೇಬೇಡಿ.

## ಹಂತ 4: ಸ್ನಾನ, ನೀರಾಟ

ಹುಡುಗಿಯರಿಗೆ ಬೇಸಿಗೆ ಅಂದರೆ ನೀರಾಟ. ಬೇಡ ಅನ್ನುವ ಅಗತ್ಯವಿಲ್ಲ. ಒಂದೇ ನಿಯಮ: ದೊಡ್ಡವರೊಬ್ಬರ ಎರಡೂ ಕೈ ಖಾಲಿ ಇದ್ದಾಗ ಮಾತ್ರ ನೀರಾಟ. ಹಾಲೂಡಿಸುತ್ತಾ ಕಣ್ಣಿಟ್ಟಿರುತ್ತೇನೆ ಅನ್ನುವುದು ಲೆಕ್ಕಕ್ಕಿಲ್ಲ. ಪುಟ್ಟ ಮಕ್ಕಳು ಕೆಲವೇ ಇಂಚು ನೀರಿನಲ್ಲೂ ಮುಳುಗುತ್ತಾರೆ, ಅದೂ ಸದ್ದಿಲ್ಲದೆ. ಐದು ವರ್ಷದವಳನ್ನು ಎರಡು ವರ್ಷದವಳ ಕಾವಲಿಗೆ ಬಿಡಬಾರದು. ಆಟ ಮುಗಿದ ಕೂಡಲೇ ಟಬ್ ಬೋರಲು ಹಾಕಿ.

ಕೂಸಿಗೆ ದಿನಾ ಸ್ನಾನ ಆಗಲೇಬೇಕೆಂದಿಲ್ಲ. ವಾರಕ್ಕೆ ಎರಡು ಮೂರು ಸಲ ಸಾಕು. ಉಳಿದ ದಿನ ಕತ್ತಿನ ಮಡಿಕೆ, ಕಂಕುಳು, ತೊಡೆಸಂದು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ಹೊಕ್ಕುಳ ಬಳ್ಳಿ ಉದುರುವವರೆಗೆ ಒರೆಸುವುದೇ ಒಳ್ಳೆಯದು. ಅದು ಸಾಮಾನ್ಯವಾಗಿ ಒಂದರಿಂದ ಮೂರು ವಾರದಲ್ಲಿ ಉದುರುತ್ತದೆ. ಡಯಾಪರ್ ಅಂಚನ್ನು ಹೊಕ್ಕುಳಿನ ಕೆಳಗೆ ಮಡಚಿ, ಗಾಳಿಯಾಡಲಿ. ಸ್ನಾನದ ನೀರು ಮೈಯಷ್ಟೇ ಬೆಚ್ಚಗೆ, ಸುಮಾರು 37 ಡಿಗ್ರಿ ಇರಲಿ. ಮೊಣಕೈ ಅದ್ದಿದರೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. ಸೆಕೆ ಅಂತ ತಣ್ಣೀರು ಹುಯ್ಯಬೇಡಿ.

ಬೆವರುಸಾಲೆ ಕಂಡರೆ ಒಂದು ಪದರ ಬಟ್ಟೆ ಕಡಿಮೆ ಮಾಡಿ, ಆ ಜಾಗ ತಂಪಾಗಿ ಒಣಗಿರುವಂತೆ ನೋಡಿಕೊಳ್ಳಿ. ಹೆಚ್ಚಾಗಿ ಅಷ್ಟರಲ್ಲೇ ಹೋಗುತ್ತದೆ. ಎಣ್ಣೆ, ದಪ್ಪ ಕ್ರೀಮ್ ಬಳಿದರೆ ಬೆವರಿನ ರಂಧ್ರ ಮುಚ್ಚಿ ಹೆಚ್ಚಾಗುತ್ತದೆ. ಕೀವು ತುಂಬಿದ ಗುಳ್ಳೆ ಕಂಡರೆ ಡಾಕ್ಟರಿಗೆ ತೋರಿಸಿ.

## ಹಂತ 5: ಮಧ್ಯಾಹ್ನದ ಮೂರು ಗಂಟೆ

ಬಿಸಿಲಿಗೆ ಮೊದಲೇ ಆ ದಿಕ್ಕಿನ ಪರದೆ ಎಳೆಯಿರಿ. ಕೋಣೆ ಕಾದ ಮೇಲೆ ಎಳೆದರೆ ಪ್ರಯೋಜನ ಕಡಿಮೆ. ಹುಡುಗಿಯರ ಊಟ ಸ್ವಲ್ಪ ಬೇಗ ಮುಗಿಸಿ, ಅವರು ಮಲಗುವ ಹೊತ್ತಿಗೆ ಕೂಸಿಗೆ ಹಾಲು ಕೊಡಿ. ಮೂವರೂ ಒಟ್ಟಿಗೆ ಮಲಗುವುದು ದಿನಾ ಸಾಧ್ಯವಿಲ್ಲ. ಆದ ದಿನ ನೀವೂ ಮಲಗಿ. ಆಗ ಪಾತ್ರೆ ತೊಳೆಯಲು ಹೋಗುವವರೇ ಸಂಜೆ ಮಕ್ಕಳ ಮೇಲೆ ಕಿರುಚುವುದು.

ಐದು ವರ್ಷದವಳು ಮಲಗದಿದ್ದರೆ ಒತ್ತಾಯ ಬೇಡ. ಹಾಸಿಗೆಯಲ್ಲಿ ಪುಸ್ತಕ, ಬಣ್ಣ ಹಿಡಿದು ಸದ್ದಿಲ್ಲದ ಆಟ ಆಡಲಿ.

ಕೂಸಿನ ನಿದ್ದೆಗೆ ನಿಯಮ ಬದಲಾಗುವುದಿಲ್ಲ: ಅಂಗಾತ, ಗಟ್ಟಿಯಾದ ಸಮತಟ್ಟಾದ ಹಾಸಿಗೆ, ತನ್ನದೇ ಜಾಗ, ದಿಂಬು-ಹೊದಿಕೆ-ಆಟಿಕೆ ಇಲ್ಲ. ತಲೆಗೆ ಮನೆಯೊಳಗೆ ಟೋಪಿ ಬೇಡ, ಕೂಸಿನ ಶಾಖ ಬಹಳಷ್ಟು ತಲೆಯಿಂದಲೇ ಹೋಗಬೇಕು. ಅಕ್ಕಂದಿರ ಪಕ್ಕ ಒಂದೇ ಹಾಸಿಗೆಯಲ್ಲಿ ಮಲಗಿಸಬೇಡಿ, ನಿದ್ದೆಗಣ್ಣಿನ ಮಗುವಿಗೆ ತನ್ನ ಕೈ ಎಲ್ಲಿ ಬೀಳುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ನೀವು ಸುಸ್ತಾಗಿ ಕೂಸನ್ನು ಎತ್ತಿಕೊಂಡು ಸೋಫಾದಲ್ಲಿ ತೂಕಡಿಸುವುದು ಅದಕ್ಕಿಂತಲೂ ಅಪಾಯ.

ಫ್ಯಾನ್ ಹಾಕಬಹುದು, ಎಸಿಯನ್ನೂ ಹಾಕಬಹುದು. ಗಾಳಿ ನೇರವಾಗಿ ಕೂಸಿನ ಮುಖಕ್ಕೆ ಬೀಸದಂತೆ ತಿರುಗಿಸಿ. ಸೆಕೆಯೋ ಚಳಿಯೋ ನೋಡಲು ಕೂಸಿನ ಅಂಗೈ, ಪಾದ ಮುಟ್ಟಬೇಡಿ. ಅವು ಸ್ವಲ್ಪ ತಣ್ಣಗಿರುವುದು ಮಾಮೂಲಿ. ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ. ಬಿಸಿಯಾಗಿ ಜಿಗುಟಾಗಿದ್ದರೆ ಬಟ್ಟೆ ಕಡಿಮೆ ಮಾಡಿ.

ಸೊಳ್ಳೆಗೆ ಪರದೆಯೇ ಸರಿ. ಎರಡು ತಿಂಗಳಾಗದ ಮಗುವಿನ ಮೈಗೆ ಸೊಳ್ಳೆ ಓಡಿಸುವ ಕ್ರೀಮ್ ಹಚ್ಚಬಾರದು.

## ಹಂತ 6: ಅಕ್ಕಂದಿರ ಮುನಿಸು

ಟಾಯ್ಲೆಟ್ ಕಲಿತಿದ್ದವಳು ಮತ್ತೆ ಚಡ್ಡಿ ಒದ್ದೆ ಮಾಡುತ್ತಾಳೆ. ಚೆನ್ನಾಗಿ ಮಾತಾಡುತ್ತಿದ್ದವಳು ಪಾಪುವಿನ ಹಾಗೆ ಮಾತಾಡುತ್ತಾಳೆ. ಬೈದರೆ ಹೆಚ್ಚಾಗುತ್ತದೆ. ಸದ್ದಿಲ್ಲದೆ ಬಟ್ಟೆ ಬದಲಿಸಿ ಮುಂದಕ್ಕೆ ಹೋಗಿ. ಇದು ಹೆಚ್ಚಾಗಿ ಕೆಲವು ವಾರಗಳ ಮಾತು.

ಕೆಲಸಕ್ಕೆ ಬರುವ ಉಪಾಯ ಒಂದಿದೆ: ದಿನಕ್ಕೆ ಹತ್ತು ನಿಮಿಷ ಒಬ್ಬೊಬ್ಬಳ ಜೊತೆಗೂ, ಕೂಸು ಕೈಯಲ್ಲಿಲ್ಲದೆ, ಫೋನೂ ಇಲ್ಲದೆ. ಏನಾಡಬೇಕು ಅನ್ನುವುದು ಅವಳ ಆಯ್ಕೆ. ಮನೆಯಲ್ಲಿ ಇನ್ನೊಬ್ಬ ದೊಡ್ಡವರಿದ್ದರೆ ಕೂಸನ್ನು ಅವರ ಕೈಗೆ ಕೊಡಿ. ಬಹಳ ಮನೆಗಳಲ್ಲಿ ಅಪ್ಪ ಹುಡುಗಿಯರನ್ನು ಹೊರಗೆ ಕರೆದುಕೊಂಡು ಹೋಗುತ್ತಾರೆ, ಕೂಸು ಅಮ್ಮನ ಹತ್ತಿರವೇ ಉಳಿಯುತ್ತದೆ. ಹುಡುಗಿಯರಿಗೆ ಅಮ್ಮ ಕೈತಪ್ಪಿದ್ದು ಹಾಗೆಯೇ. ಕೆಲವು ಸಲ ಅಪ್ಪ ಕೂಸನ್ನು ಇಟ್ಟುಕೊಳ್ಳಲಿ.

"ಶ್, ಪಾಪು ಮಲಗಿದೆ", "ಪಾಪು ಅಳುತ್ತಿದೆ, ಆಮೇಲೆ" ಇವು ದಿನಕ್ಕೆ ಎಷ್ಟು ಸಲ ಬರುತ್ತವೆ ಅಂತ ಗಮನಿಸಿ. ಎಲ್ಲಕ್ಕೂ ಪಾಪುವನ್ನೇ ಕಾರಣ ಮಾಡಿದರೆ ಸಿಟ್ಟು ಅದರ ಮೇಲೆಯೇ ಹೋಗುತ್ತದೆ. "ನನ್ನ ಕೈ ಎರಡು ನಿಮಿಷದಲ್ಲಿ ಖಾಲಿಯಾಗುತ್ತದೆ" ಅನ್ನಿ. ಆಗಾಗ "ಪಾಪು, ನೀನು ಸ್ವಲ್ಪ ಕಾಯಿ, ಅಕ್ಕನ ಸರದಿ" ಅಂತ ಅವರಿಗೆ ಕೇಳುವ ಹಾಗೆ ಹೇಳಿ. ಕೂಸಿಗೆ ಅರ್ಥವಾಗುವುದಿಲ್ಲ, ಅಕ್ಕನಿಗೆ ಆಗುತ್ತದೆ.

ಮುದ್ದಾಟಕ್ಕೂ ಕ್ರಮ ಬೇಕು. ಮೊದಲು ಸೋಪಿನಲ್ಲಿ 20 ಸೆಕೆಂಡ್ ಕೈ ತೊಳೆಯುವುದು, ಆಮೇಲೆ ನೆಲದ ಮೇಲೆ ಕೂರುವುದು, ಆಮೇಲೆ ನಿಮ್ಮ ಕೈಯ ಆಸರೆಯಲ್ಲಿ ಕೂಸು. ಮುತ್ತು ಪಾದಕ್ಕೆ. ಶೀತ, ಕೆಮ್ಮು ಇದ್ದರೆ ದೂರದಿಂದ ಟಾಟಾ. ಐದು ವರ್ಷದವಳು ಎಷ್ಟೇ ಜಾಣೆಯಾದರೂ ಅವರಿಬ್ಬರನ್ನೇ ಕೂಸಿನ ಜೊತೆ ಬಿಟ್ಟು ಹೋಗಬೇಡಿ.

ಸಿಸೇರಿಯನ್ ಆದವರು ಚಿಕ್ಕವಳನ್ನು ಎತ್ತಲು ಹೋಗಬೇಡಿ. ಮೊದಲ ವಾರಗಳಲ್ಲಿ ಕೂಸಿಗಿಂತ ಭಾರದ್ದು ಎತ್ತಬಾರದು. ನೀವು ಕೂತುಕೊಳ್ಳಿ, ಅವಳೇ ಹತ್ತಿ ಬರಲಿ.

## ಹಂತ 7: ಸಂಜೆಯ ಅಳು

ಸಂಜೆ ಕೂಸು ಕಾರಣವಿಲ್ಲದೆ ಅಳುವುದು ಮೊದಲ ತಿಂಗಳುಗಳಲ್ಲಿ ಸಾಮಾನ್ಯ, ಆರನೇ ವಾರದ ಸುಮಾರಿಗೆ ಇದು ತಾರಕಕ್ಕೆ ಹೋಗುತ್ತದೆ. ಆದರೆ ಕಾರಣವಿಲ್ಲ ಅನ್ನುವ ಮೊದಲು ಹಸಿವು, ಡಯಾಪರ್, ಸೆಕೆ ನೋಡಿ. ಆಮೇಲೆ ಕಾಲುಚೀಲ ಬಿಚ್ಚಿ ಒಂದೊಂದೇ ಬೆರಳು ನೋಡಿ. ಅಮ್ಮನ ಅಥವಾ ಅಕ್ಕಂದಿರ ಉದ್ದ ಕೂದಲು ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿಯುವುದುಂಟು. ಬೆರಳು ಕೆಂಪಾಗಿ ಊದಿದ್ದರೆ, ಕೂದಲು ಬಿಡಿಸಲು ಬಾರದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೆಣ್ಣುಮಕ್ಕಳು ತುಂಬಿದ ಮನೆಯಲ್ಲಿ ಇದನ್ನು ದಿನಾ ಬಟ್ಟೆ ಬದಲಿಸುವಾಗಲೇ ನೋಡುವುದು ಒಳ್ಳೆಯದು.

ನಿಮ್ಮ ತಾಳ್ಮೆ ಮುಗಿಯಿತು ಅನಿಸಿದರೆ ಕೂಸನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಹುಡುಗಿಯರನ್ನು ಕರೆದುಕೊಂಡು ಪಕ್ಕದ ಕೋಣೆಗೆ ಹೋಗಿ. ಐದು ನಿಮಿಷ ಅತ್ತರೆ ಏನೂ ಆಗುವುದಿಲ್ಲ. ಕೂಸನ್ನು ಎಂದೂ ಅಲುಗಾಡಿಸಬೇಡಿ.

## ಯಾವಾಗ ಕಾಯದೆ ಹೊರಡಬೇಕು

ಕೂಸಿನ ಮೈ ಬಿಸಿ ಅನಿಸಿದರೆ ಬಟ್ಟೆ ಸಡಿಲಿಸಿ, ತಂಪು ಜಾಗಕ್ಕೆ ತಂದು ಥರ್ಮಾಮೀಟರ್ ಇಡಿ. ಮೂರು ತಿಂಗಳಾಗದ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಕಂಡರೆ ಅದೇ ಹೊತ್ತಿನಲ್ಲಿ ಆಸ್ಪತ್ರೆ, ರಾತ್ರಿಯಾದರೂ ಸರಿ. ನೀವಾಗಿಯೇ ಜ್ವರದ ಔಷಧಿ ಕೊಡಬೇಡಿ. ಹಾಲು ಕುಡಿಯಲು ಏಳದಿರುವುದು, ಮೈ ಸಡಿಲಾಗಿ ಜೋಲುವುದು, ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆಯುವುದು, ತುಟಿ ನೀಲಿಯಾಗುವುದು, ನೆತ್ತಿ ತಗ್ಗಾಗಿ ಡಯಾಪರ್ ಗಂಟೆಗಟ್ಟಲೆ ಒಣಗಿಯೇ ಇರುವುದು, ಹಸಿರು ವಾಂತಿ, ಹೊಕ್ಕುಳಿನ ಸುತ್ತ ಕೆಂಪು ಅಥವಾ ಕೀವು ಇವೆಲ್ಲ ಅದೇ ಸಾಲಿಗೆ ಸೇರಿದವು. ಕೂಸಿಗೆ ಕಾಮಾಲೆಯಾಗಿ ಮೈಯ ಹಳದಿ ಬಣ್ಣ ಕಾಲಿನವರೆಗೆ ಇಳಿದಿದ್ದರೆ ಬಿಸಿಲಿಗೆ ಹಿಡಿದು ಗುಣಪಡಿಸಲು ಹೋಗಬೇಡಿ, ರಕ್ತಪರೀಕ್ಷೆ ಆಗಬೇಕು.

ಹುಡುಗಿಯರಲ್ಲಿ ತಲೆನೋವು, ವಾಂತಿ, ತಲೆಸುತ್ತು, ಗಾಢ ಹಳದಿ ಮೂತ್ರ ಕಂಡರೆ ಆಟ ನಿಲ್ಲಿಸಿ, ನೆರಳಿಗೆ ಕರೆತಂದು ಗುಟುಕು ಗುಟುಕಾಗಿ ನೀರು ಕುಡಿಸಿ, ಮೈಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ. ಮೈ ಸುಡುತ್ತಿದ್ದು ಮಾತು ತೊದಲಿದರೆ, ಗೊಂದಲಗೊಂಡರೆ ಅದು ಹೀಟ್ ಸ್ಟ್ರೋಕ್. ತಂಪು ಮಾಡುತ್ತಲೇ ಆಂಬುಲೆನ್ಸ್‌ಗೆ ಕರೆ ಮಾಡಿ.

ಅಮ್ಮನನ್ನು ಎಲ್ಲರೂ ಮರೆಯುತ್ತಾರೆ. ಒಂದು ಗಂಟೆಗೆ ಒಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಜ್ವರ, ಒಂದೇ ಕಾಲಿನ ಊತ-ನೋವು, ಕಣ್ಣು ಮಂಜಾಗುವಂಥ ತಲೆನೋವು ಇವು ಬಾಣಂತಿಗೆ "ಸೆಕೆಗೆ ಹೀಗಾಗಿದೆ" ಅಂತ ತಳ್ಳಿಹಾಕುವ ಲಕ್ಷಣಗಳಲ್ಲ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಕೂಸು ಮಲಗಿದರೂ ನಿದ್ದೆ ಬಾರದಿದ್ದರೆ ಡಾಕ್ಟರ ಹತ್ತಿರ ಮಾತಾಡಬೇಕು. ತನಗೋ ಕೂಸಿಗೋ ಏನಾದರೂ ಮಾಡಿಬಿಡಬೇಕು ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅಂದೇ ಹೇಳಬೇಕು, ಒಬ್ಬಳೇ ಇರಬಾರದು.

## ದಿನ ಕೈಮೀರಿದರೆ ಯಾವುದನ್ನು ಮೊದಲು ಬಿಡಬೇಕು

ಮೇಲಿನದೆಲ್ಲ ಪಾಲಿಸಿದರೂ ಕೆಲವು ದಿನ ಏನೂ ನಡೆಯುವುದಿಲ್ಲ. ಆಗ ಬಿಡುವುದಕ್ಕೂ ಒಂದು ಕ್ರಮವಿದೆ. ಮೊದಲು ಬಟ್ಟೆ ಮಡಚುವುದನ್ನು ಬಿಡಿ. ಆಮೇಲೆ ಮನೆ ಗುಡಿಸುವುದು, ಆಮೇಲೆ ಎಲ್ಲರ ಸ್ನಾನ, ಆಮೇಲೆ ಸಂಜೆಯ ಸುತ್ತಾಟ. ಬಂದು ನೋಡುತ್ತೇವೆ ಅನ್ನುವ ನೆಂಟರಿಗೆ ಇನ್ನೊಂದು ದಿನ ಬರಲು ಹೇಳಿ. ಬಂದೇ ಬರುತ್ತೇವೆ ಅಂದರೆ ಕೂಸನ್ನು ಅವರ ಕೈಗೆ ಕೊಡುವ ಬದಲು ಹುಡುಗಿಯರನ್ನು ಒಂದು ಗಂಟೆ ಆಡಿಸಲು ಕೇಳಿ. ಕೂಸಿನ ಹಾಲು, ಹುಡುಗಿಯರ ನೀರು ಮತ್ತು ಊಟ, ನಿಮ್ಮ ಊಟ, ಮುಚ್ಚಿದ ಬಾತ್‌ರೂಮ್ ಬಾಗಿಲು ಇವನ್ನು ಮಾತ್ರ ಯಾವ ದಿನವೂ ಬಿಡಬೇಡಿ.